ಬೇರೆಯವರ ಕಾಪಿ, ನಮ್ಮ ಕತ್ತರಿ

ಪತ್ರಿಕೋದ್ಯಮ ಓದುತ್ತಿದ್ದ ಕೊನೆಯ ವರ್ಷ ನಮ್ಮಿಬ್ಬರನ್ನೂ ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಎರಡು ತಿಂಗಳು ಕೂರಿಸಿದ್ದರು. ಹೋಬಳಿ ವರದಿಗಾರರು ಕಳಿಸಿದ ಸುದ್ದಿ ತಿದ್ದಿ, ಜಾಗಕ್ಕೆ ತಕ್ಕಂತೆ ಕತ್ತರಿಸಿ, ಪುಟಕ್ಕೆ ಕೊಡುವುದು ಕೆಲಸ. ಒಂದು ರಾತ್ರಿ ಪಡಿತರ ಅಂಗಡಿಯ ಸುದ್ದಿಯೊಂದು ಎರಡು ಸಾಲು ಉದ್ದವಾಯಿತು. ಕೊನೆಯಲ್ಲಿದ್ದ ‘ಎಂದು ಗ್ರಾಮಸ್ಥರು ಆರೋಪಿಸಿದ್ದಾರೆ’ ಎನ್ನುವುದು ಎಲ್ಲ ಸುದ್ದಿಗೂ ಅಂಟಿಕೊಂಡು ಬರುವ ಸವಕಲು ಬಾಲದಂತೆ ಕಂಡಿತು. ಕತ್ತರಿಸಿದೆವು. ಬೆಳಿಗ್ಗೆ ನೋಡಿದರೆ ಅದು ಗ್ರಾಮಸ್ಥರ ಆರೋಪವಾಗಿ ಉಳಿದಿರಲಿಲ್ಲ, ಪತ್ರಿಕೆಯೇ ಕೊಟ್ಟ ತೀರ್ಪಾಗಿತ್ತು. ಅಂಗಡಿಯವನು ಹುಡುಕಿಕೊಂಡು ಹೋದದ್ದು ನಮ್ಮನ್ನಲ್ಲ, ಸುದ್ದಿಯ ಮೇಲೆ ಹೆಸರಿದ್ದ ವರದಿಗಾರನನ್ನು.

ಆಮೇಲೆ ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದೆವು. ಒಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗೆ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದರು, ಇನ್ನೊಬ್ಬರು ಊರಿನಲ್ಲೇ ಉಳಿದು ತಾಲ್ಲೂಕು ವರದಿ ಮಾಡುತ್ತಿದ್ದಾರೆ. ಆದರೆ 2022ರ ಕೊನೆಯಿಂದ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಸೇರಿ ಮಾಡುತ್ತಿರುವುದು ಮತ್ತದೇ ಡೆಸ್ಕ್ ಕೆಲಸ. ಈಗ ತಿದ್ದುವುದು ಸುದ್ದಿಯನ್ನಲ್ಲ, ಬೇರೆ ಯಾರೋ ಬರೆದ ತಂತ್ರಾಂಶವನ್ನು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇವೆ. ರೌಟರ್‌ಗಳಲ್ಲಿ ನಡೆಯುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಆಪರೇಟಿಂಗ್ ಸಿಸ್ಟಂ ಇದೆ. ಬಾಯಿಮಾತಿನಲ್ಲಿ ಓಪನ್‌ವರ್ಟ್. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್‌ನೊಳಗೆ ಲಿನಕ್ಸ್ ಇದೆ ಎಂಬುದು ಹೊರಬಿದ್ದಿತು. ಪರವಾನಗಿಯ ಷರತ್ತಿನಂತೆ ಕಂಪನಿ ಮೂಲ ಕೋಡನ್ನು ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಅದೇ ಕೋಡಿನ ಮೇಲೆ ಓಪನ್‌ವರ್ಟ್ ಹುಟ್ಟಿತು. ಹೆಸರಿನ ಬಾಲ ಆ ರೌಟರ್‌ನದೇ. ಕಂಪನಿಗಳು ಅಪ್‌ಡೇಟ್ ನಿಲ್ಲಿಸಿ ಕೈತೊಳೆದುಕೊಂಡ ಎಷ್ಟೋ ಹಳೆಯ ರೌಟರ್‌ಗಳು ಇವತ್ತಿಗೂ ಬದುಕಿರುವುದು ಇದರಿಂದಲೇ.

ಓಪನ್‌ವರ್ಟ್ ತಂಡವೇ ಕೂತು ಅದರೊಳಗಿನ ಎಲ್ಲವನ್ನೂ ಬರೆದಿಲ್ಲ. ನೀವು ಮೊಬೈಲನ್ನು ವೈಫೈಗೆ ಜೋಡಿಸುವಾಗ ಪಾಸ್‌ವರ್ಡ್ ಸರಿಯೋ ಎಂದು ನೋಡುವ ಹೋಸ್ಟ್‌ಎಪಿಡಿ ಯೂನಿ ಮಾಲಿನೆನ್ ಅವರದು. ಮೊಬೈಲಿಗೊಂದು ವಿಳಾಸ ಕೊಟ್ಟು, ಜಾಲತಾಣದ ಹೆಸರು ಹೇಳಿದರೆ ಅದರ ನಂಬರ್ ಹುಡುಕಿಕೊಡುವ ಡಿಎನ್‌ಎಸ್‌ಮಾಸ್ಕ್ ಸೈಮನ್ ಕೆಲ್ಲಿ ಅವರದು. ದೂರದಿಂದ ರೌಟರ್‌ಗೆ ಲಾಗಿನ್ ಆಗಲು ಬಿಡುವ ಡ್ರಾಪ್‌ಬೇರ್ ಮ್ಯಾಟ್ ಜಾನ್‌ಸ್ಟನ್ ಅವರದು. ಹೀಗೆ ಹೊರಗಿನವರು ಬರೆದ ಸಾವಿರಾರು ತಂತ್ರಾಂಶಗಳು ಓಪನ್‌ವರ್ಟ್‌ಗೆ ಪ್ಯಾಕೇಜ್ ಆಗಿ ಬರುತ್ತವೆ. ಪ್ರತಿ ಪ್ಯಾಕೇಜಿಗೂ ಉಸ್ತುವಾರಿ ಇರಬೇಕು. ಅಂಥ ಒಂದು ಪುಟ್ಟ ಪ್ಯಾಕೇಜಿನ ಉಸ್ತುವಾರಿ ನಮ್ಮದು. ಯಾವ ಮೊಬೈಲ್ ಎಷ್ಟು ಡೇಟಾ ಬಳಸಿತು ಎಂದು ಲೆಕ್ಕ ಇಡುವ ತಂತ್ರಾಂಶ ಅದು. ಮೂಲ ಲೇಖಕ ಯುರೋಪಿನಲ್ಲೆಲ್ಲೋ ಇದ್ದಾನೆ. ನಾವು ಅವನ ಮುಖ ನೋಡಿಲ್ಲ.

ಉಸ್ತುವಾರಿಯ ಬಳಿ ಇರುವುದು ತಂತ್ರಾಂಶವಲ್ಲ, ಒಂದು ಚೀಟಿ ಎನ್ನಬಹುದು. ಮೇಕ್‌ಫೈಲ್ ಎಂಬ ಆ ಚೀಟಿಯಲ್ಲಿ ಮೂಲ ಕೋಡನ್ನು ಎಲ್ಲಿಂದ ತರಬೇಕು, ಯಾವ ಆವೃತ್ತಿ, ಹೇಗೆ ಕಟ್ಟಬೇಕು, ಇಳಿಸಿಕೊಂಡ ಕಡತದ ಹ್ಯಾಶ್ ಏನಿರಬೇಕು ಎಂದೆಲ್ಲ ಬರೆದಿರುತ್ತದೆ. ಹ್ಯಾಶ್ ಅಂದರೆ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ, ಒಂದಕ್ಷರ ಬದಲಾದರೂ ಹೊಂದುವುದಿಲ್ಲ. ಚೀಟಿಯ ಪಕ್ಕದಲ್ಲೇ ‘ಪ್ಯಾಚಸ್’ ಎಂಬ ಫೋಲ್ಡರ್. ಮೂಲ ಕೋಡ್ ರೌಟರ್‌ಗೆ ಒಗ್ಗದಿದ್ದಾಗ ನಾವು ಮಾಡಿದ ತಿದ್ದುಪಡಿಗಳು ಅದರಲ್ಲಿ ನಂಬರ್ ಹಾಕಿಕೊಂಡು ಸಾಲಾಗಿ ಕೂತಿರುತ್ತವೆ. ಆ ಫೋಲ್ಡರ್ ನಮ್ಮ ಕತ್ತರಿ.

ಈ ಪ್ಯಾಕೇಜ್ ನಮ್ಮ ಕೈಗೆ ಬಂದದ್ದು ಹಳಬರು ಬಿಟ್ಟು ಹೋದದ್ದರಿಂದ. 2022ರ ಸೆಪ್ಟೆಂಬರಿನಲ್ಲಿ ಓಪನ್‌ವರ್ಟ್ 22.03 ಬಂತು. 32 ಬಿಟ್ ಯಂತ್ರಗಳಲ್ಲಿ ಕಾಲದ ಲೆಕ್ಕ 2038ಕ್ಕೆ ಮುಗಿದುಹೋಗುವ ತೊಂದರೆ ಇತ್ತಲ್ಲ, ಅದನ್ನು ನೀಗಿಸಲು ಆ ಆವೃತ್ತಿಯಲ್ಲಿ ಸಮಯವನ್ನು 64 ಬಿಟ್‌ಗೆ ಹಿಗ್ಗಿಸಿದರು. ಒಳ್ಳೆಯ ಕೆಲಸವೇ. ಆದರೆ ಸಮಯವೆಂದರೆ 32 ಬಿಟ್ ಎಂದು ನಂಬಿ ಬರೆದಿದ್ದ ಸಣ್ಣಪುಟ್ಟ ತಂತ್ರಾಂಶಗಳು ಅಲ್ಲಲ್ಲಿ ಕೈಕೊಟ್ಟವು. ನಮ್ಮದೂ ಒಂದು. ನಮ್ಮ ತಾಲ್ಲೂಕು ಕೇಂದ್ರದ ವಾಚನಾಲಯದಲ್ಲಿ ಅದು ಬೇಕಾಗಿತ್ತು, ಸರಿಮಾಡಲು ಯಾರೂ ಇರಲಿಲ್ಲ. ನಾವೇ ಅಲ್ಲಿ ಇಲ್ಲಿ ಓದಿ, ಕೇಳಿ ಸರಿಮಾಡಿ ಕಳಿಸಿದೆವು. ಇನ್ನು ಮುಂದೆ ನೀವೇ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಹೂಂ ಎಂದೆವು. ಹೂಂ ಎನ್ನುವುದು ಬಹಳ ಸುಲಭ.

ವಾಚನಾಲಯ ಎಂದೆವಲ್ಲ, ಅದು ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಮನೆಯಲ್ಲಿ ನಡೆಸುವ ಎರಡು ಕೋಣೆಯ ಜಾಗ. ಪಿಎಸ್‌ಐ, ಎಫ್‌ಡಿಎ, ಟಿಇಟಿ ಎಂದು ಪರೀಕ್ಷೆಗೆ ಓದುವ ಇಪ್ಪತ್ತು ಮಂದಿ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿವರೆಗೆ ಅಲ್ಲಿರುತ್ತಾರೆ. ಇಂಟರ್ನೆಟ್ ಬಿಲ್ಲನ್ನು ಯಾರು ಎಷ್ಟು ಬಳಸಿದರೋ ಅಷ್ಟರ ಪ್ರಕಾರ ಹಂಚಿಕೊಳ್ಳುವ ಪದ್ಧತಿ. ನಮ್ಮ ಪ್ಯಾಕೇಜ್ ಕೊಡುವ ಪಟ್ಟಿಯನ್ನು ಮೇಷ್ಟ್ರು ತಿಂಗಳ ಕೊನೆಗೆ ಮುದ್ರಿಸಿ ಗೋಡೆಗೆ ಅಂಟಿಸುತ್ತಾರೆ.

2024ರ ಏಪ್ರಿಲ್‌ನಲ್ಲಿ ಮೂಲ ಲೇಖಕ ಹೊಸ ಆವೃತ್ತಿ ಬಿಟ್ಟ. ನಾವು ಅದನ್ನು ಕಟ್ಟಲು ಹೋದರೆ ಕಂಪೈಲರ್ ತಕರಾರು ತೆಗೆಯಿತು: ಎರಡು ಕಡೆ ನೀವು ಮುದ್ರಿಸಲು ಹೊರಟ ಸಂಖ್ಯೆಯ ಅಳತೆಗೂ ನೀವು ಹೇಳಿರುವ ಅಳತೆಗೂ ಹೊಂದುತ್ತಿಲ್ಲ ಎಂದು. ಲೇಖಕನ 64 ಬಿಟ್ ಕಂಪ್ಯೂಟರಿನಲ್ಲಿ ಹೊಂದುತ್ತದೆ, ಹಾಗಾಗಿ ಅವನಿಗೆ ಆ ಎಚ್ಚರಿಕೆ ಕಂಡೇ ಇರಲಿಲ್ಲ. ರೌಟರ್‌ನಲ್ಲಿರುವುದು 32 ಬಿಟ್ ಮಿಪ್ಸ್ ಚಿಪ್ಪು. ರಾತ್ರಿ ಹನ್ನೊಂದೂವರೆ. ಒಬ್ಬರಿಗೆ ಬೆಳಿಗ್ಗೆ ತಾಲ್ಲೂಕು ಪಂಚಾಯ್ತಿ ಸಭೆಯ ವರದಿಗೆ ಹೋಗಬೇಕು. ಎರಡೂ ಕಡೆ ಸಂಖ್ಯೆಯ ಮುಂದೆ ಒಂದು ಪದ ಸೇರಿಸಿ, ‘ಇದನ್ನು ಇಷ್ಟೇ ಅಗಲದ್ದು ಎಂದುಕೋ’ ಎಂದು ಕಂಪೈಲರ್‌ಗೆ ಹೇಳಿದೆವು. ಅದು ಸುಮ್ಮನಾಯಿತು. ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆವು, ಲೆಕ್ಕ ಸರಿಯಿತ್ತು. ಪ್ಯಾಚ್ ಫೋಲ್ಡರಿಗೆ ಆರನೆಯದಾಗಿ ಸೇರಿಸಿ ಮಲಗಿದೆವು. ಲೇಖಕನಿಗೆ ಒಂದು ಮಾತು ತಿಳಿಸಲಿಲ್ಲ. ಇಷ್ಟು ಚಿಕ್ಕದಕ್ಕೆ ಅವನನ್ನೇಕೆ ಎಬ್ಬಿಸುವುದು ಎಂದು.

ನಮ್ಮ ಲ್ಯಾಪ್‌ಟಾಪ್ ಕೂಡ 64 ಬಿಟ್. ಅದರಲ್ಲಿ ನೋಡಿದರೆ ಏನು ಗೊತ್ತಾಗಬೇಕು?

ಜೂನ್ ಕೊನೆಗೆ ಮೇಷ್ಟ್ರ ಫೋನ್ ಬಂತು. “ನೀವು ಪೇಪರ್‌ನೋರು ಕೂಡೋ ಲೆಕ್ಕ ಮಾಡೋದಿಲ್ವೇನ್ರಪ್ಪಾ?” ಎಂದರು. ಕಂಪನಿಯ ಬಿಲ್ಲಿನಲ್ಲಿ ಕಾಣುವ ಒಟ್ಟು ಬಳಕೆ ಒಂದು, ಪಟ್ಟಿಯಲ್ಲಿರುವವರದನ್ನೆಲ್ಲ ಕೂಡಿದರೆ ಬರುವುದು ಅದರ ಅರ್ಧಕ್ಕಿಂತ ಕಮ್ಮಿ. ಎರಡು ತಿಂಗಳಿಂದ ಹೀಗೇ ಆಗುತ್ತಿದೆ. ಅವರು ಹೇಳುವವರೆಗೂ ನಾವು ಒಂದು ಸಲವೂ ಕೂಡಿರಲಿಲ್ಲ.

ಹೋಗಿ ನೋಡಿದೆವು. ಪಟ್ಟಿಯ ಮೇಲ್ತುದಿಯಲ್ಲಿ ಟಿಇಟಿಗೆ ಓದುತ್ತಿದ್ದ ಒಬ್ಬ ಹುಡುಗಿ, 4 ಜಿಬಿ. ಇಡೀ ದಿನ ವಿಡಿಯೋ ಪಾಠ ನೋಡುವ ಹುಡುಗನೊಬ್ಬನ ಹೆಸರಿನ ಮುಂದೆ 1.8. ಅವನ ಮೊಬೈಲಿನಲ್ಲೇ ತೆಗೆಸಿ ನೋಡಿದರೆ ತಿಂಗಳ ಬಳಕೆ 19 ಜಿಬಿ. ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆವು. 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ಅದಾದ ಮೇಲೆ ಹಳೆಯ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆ. ಬೈಟ್‌ಗಳ ಲೆಕ್ಕದಲ್ಲಿ ಅದು 4.3 ಜಿಬಿ. ಹುಡುಗನ ಮೀಟರ್ ನಾಲ್ಕು ಸಲ ಸುತ್ತು ಹಾಕಿ 1.8ಕ್ಕೆ ಬಂದು ನಿಂತಿತ್ತು. ಹುಡುಗಿಯ ಮೀಟರ್ ಒಂದು ಸುತ್ತೂ ಮುಗಿಸಿರಲಿಲ್ಲ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಕಂಡಿತ್ತು. ಬಿಲ್ಲಿನ ದೊಡ್ಡ ಪಾಲನ್ನು ಎರಡು ತಿಂಗಳು ಕಟ್ಟಿದ್ದವಳು ಅವಳು. ಆ ಸಂಖ್ಯೆಯನ್ನು 32 ಬಿಟ್‌ಗೆ ಕತ್ತರಿಸಿದ್ದು ನಮ್ಮ ಆರನೆಯ ಪ್ಯಾಚ್.

ತಪ್ಪು ನಮ್ಮದು ಎಂದು ಎಲ್ಲರ ಮುಂದೆ ಹೇಳಿದೆವು. ಮೇಷ್ಟ್ರು ಮುಂದಿನ ತಿಂಗಳಿಗೆ ಹಣ ಹೊಂದಿಸುತ್ತೇನೆ ಎಂದರು. ಹುಡುಗಿ ಅಂದದ್ದು ಇಷ್ಟು: “ದುಡ್ಡು ಹೋಗ್ಲಿ ಬಿಡಿ ಅಣ್ಣ. ಓದೋಕೆ ಅಂತ ಬಂದು ರೀಲ್ಸ್ ನೋಡ್ತಾ ಕೂರ್ತಾಳೆ ಅಂತ ನಮ್ಮನೆಗೂ ಯಾರೋ ಹೇಳಿದ್ರು. ಅದನ್ನ ಹೆಂಗೆ ವಾಪಸ್ ತಗೋತೀರ?” ನಮಗೆ ಪಡಿತರ ಅಂಗಡಿಯ ಸುದ್ದಿ ನೆನಪಾಯಿತು. ಅವತ್ತು ಮರುದಿನ ಒಂದು ಸ್ಪಷ್ಟೀಕರಣವನ್ನಾದರೂ ಹಾಕಿದ್ದೆವು, ಒಳಪುಟದಲ್ಲಿ, ಬೆರಳಗಲ.

ಸಮಾಧಾನಕ್ಕೆಂದು ಹೇಳುತ್ತಿಲ್ಲ, ಆದರೆ ಈ ಕಸುಬಿನ ಅತಿ ದೊಡ್ಡ ಅನಾಹುತವೂ ಇದೇ ಜಾತಿಯದು. 2006ರಲ್ಲಿ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರಿಗೂ ಪರೀಕ್ಷಕ ತಂತ್ರಾಂಶವೊಂದು ಎಚ್ಚರಿಕೆ ಕೊಟ್ಟಿತು. ಬೆಲೆ ತುಂಬದ ಮೆಮೊರಿಯನ್ನು ಬಳಸುತ್ತಿದ್ದೀರಿ ಎಂದು. ಎಚ್ಚರಿಕೆಗೆ ಕಾರಣವಾಗಿದ್ದ ಎರಡು ಕಡೆಯ ಒಂದೇ ಥರದ ಸಾಲನ್ನು ಅವರು ನಿಷ್ಕ್ರಿಯ ಮಾಡಿದರು. ಒಂದು ಹೋದರೆ ನಷ್ಟವಿರಲಿಲ್ಲ. ಇನ್ನೊಂದು, ಗುಪ್ತ ಕೀಲಿ ತಯಾರಿಸಲು ಬೇಕಾದ ಯಾದೃಚ್ಛಿಕತೆಯನ್ನೆಲ್ಲ ಒಳಗೆ ಸುರಿಯುತ್ತಿದ್ದ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರೋಸೆಸ್ ನಂಬರ್ ಒಂದೇ, ಅದರ ಮಿತಿ 32,768. ಅಂದರೆ ಊಹಿಸಲಾಗದಷ್ಟು ಬಗೆಯಲ್ಲಿರಬೇಕಾದ ಕೀಲಿಗಳು, ಒಂದೊಂದು ಮಾದರಿಗೆ, ಒಂದು ಹೋಬಳಿಯ ಮತದಾರರ ಪಟ್ಟಿಯಷ್ಟಕ್ಕೆ ಇಳಿದವು. ಲುಸಿಯಾನೊ ಬೆಲ್ಲೊ ಕಂಡುಹಿಡಿದು, 2008ರ ಮೇ ತಿಂಗಳಲ್ಲಿ ಅದು ಬಹಿರಂಗವಾಯಿತು. ಉಬುಂಟುವಿಗೂ ಅದೇ ಪ್ಯಾಕೇಜ್ ಹೋಗಿತ್ತು. ಲೋಕದಾದ್ಯಂತ ಜನ ಕೀಲಿ ಬದಲಿಸಬೇಕಾಯಿತು.

ಆ ಉಸ್ತುವಾರಿಗಳನ್ನು ಬೈಯುವುದು ಸುಲಭ. ಅವರು ಓಪನ್‌ಎಸ್‌ಎಸ್‌ಎಲ್‌ನವರನ್ನು ಕೇಳಿಯೂ ಇದ್ದರು, ತೆಗೆದರೆ ಅಡ್ಡಿಯಿಲ್ಲ ಎಂಬರ್ಥದ ಉತ್ತರವೂ ಬಂದಿತ್ತು. ಕೇಳಿದ ರೀತಿಯಲ್ಲಿ, ಉತ್ತರ ಕೊಟ್ಟ ರೀತಿಯಲ್ಲಿ ಎಲ್ಲೋ ಜಾರಿತು. ಕೇಳಿದವರದ್ದೇ ಆ ಗತಿಯಾದರೆ ಕೇಳದೆಯೇ ಮಲಗಿದ ನಮ್ಮದು?

ನಾವು ಪಟ್ಟಿ ಮುದ್ರಿಸುವ ಜಾಗದಲ್ಲಿ ಸರಿಯಾದ ಅಳತೆ ಬರೆದು ಹೊಸ ಪ್ಯಾಕೇಜ್ ಕಟ್ಟಿ ಕಳಿಸಿದೆವು. ಜುಲೈ ಎರಡನೇ ವಾರ ಪಟ್ಟಿ ಸರಿಯಾಗಿ ಬಂತು. ಮೂರನೇ ವಾರ ಜೋರು ಮಳೆ, ಎರಡು ದಿನ ಕರೆಂಟ್ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ವಿಡಿಯೋ ಪಾಠದ ಹುಡುಗ ಮತ್ತೆ ಪಟ್ಟಿಯ ತಳದಲ್ಲಿ. ಈ ಸಲ ಮೇಷ್ಟ್ರು ಫೋನ್ ಮಾಡಲಿಲ್ಲ, ಪಟ್ಟಿಯ ಫೋಟೋ ಮಾತ್ರ ಕಳಿಸಿದರು.

ನಾವು ತಲೆ ಕೆಡಿಸಿಕೊಂಡು ಕೂತಿದ್ದಾಗಲೇ ಅಪರಿಚಿತರೊಬ್ಬರ ಸಂದೇಶ ಬಂತು. ನೀವು ಒಂದು ಕಡೆ ಸರಿಮಾಡಿದ್ದೀರಿ, ಲೆಕ್ಕವನ್ನು ಕಡತದಲ್ಲಿ ಉಳಿಸುವ ಜಾಗದಲ್ಲೂ ಅದೇ ತಪ್ಪಿದೆ, ರೌಟರ್ ಆರಿ ಹತ್ತಿದಾಗ ಕತ್ತರಿಸಿದ ಸಂಖ್ಯೆಯೇ ವಾಪಸ್ ಬರುತ್ತದೆ ಎಂದು. ಜೊತೆಗೆ ತಿದ್ದಿದ ಪ್ಯಾಚ್. ನಾವೇ ಎರಡು ಕಡೆ ಹಾಕಿದ್ದ ಪದವನ್ನು ಒಂದೇ ಕಡೆ ತೆಗೆದಿದ್ದೆವು! ಸಂದೇಶದ ಕೊನೆಯಲ್ಲಿ ವಿನಯದ ಒಂದು ಸಾಲು: ನಿಮಗೆ ಕೆಲಸ ಹೆಚ್ಚಾಗಿದ್ದರೆ ಉಸ್ತುವಾರಿಯಲ್ಲಿ ನಾನೂ ಸೇರಿಕೊಳ್ಳಬಲ್ಲೆ.

ಒಂದು ವರ್ಷ ಮುಂಚೆ ಆಗಿದ್ದರೆ ಕುಣಿದುಬಿಡುತ್ತಿದ್ದೆವು. ಆದರೆ ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಎಕ್ಸ್‌ಝಡ್ ಪ್ರಕರಣ ನಡೆದಿತ್ತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ತಂತ್ರಾಂಶ. ಅದನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದವರು ಲಾಸ್ಸೆ ಕೊಲ್ಲಿನ್. ಸಂಬಳವಿಲ್ಲದ ಹವ್ಯಾಸದ ಕೆಲಸ, ಆರೋಗ್ಯ ಸರಿಯಿಲ್ಲ ಎಂದು ಅವರು 2022ರಲ್ಲೇ ಹೇಳಿಕೊಂಡಿದ್ದರು. ಬೇಗ ಕೆಲಸ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು ಒತ್ತಡ ಹೇರಿದವರಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ಅಚ್ಚುಕಟ್ಟಾಗಿ ನೆರವು ಕೊಟ್ಟು, ವಿಶ್ವಾಸ ಗಳಿಸಿ, ಜೊತೆ ಉಸ್ತುವಾರಿಯಾದರು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟರು.

ಆ ಹಿಂಬಾಗಿಲು ತೆರೆದುಕೊಳ್ಳುತ್ತಿದ್ದುದು ದೂರದಿಂದ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ. ವಿಚಿತ್ರವೆಂದರೆ ಓಪನ್‌ಬಿಎಸ್‌ಡಿಯವರು ಬರೆದ ಮೂಲ ಓಪನ್‌ಎಸ್‌ಎಸ್‌ಎಚ್ ಎಕ್ಸ್‌ಝಡ್ ಅನ್ನು ಮುಟ್ಟುವುದೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವು ತಮ್ಮ ಅನುಕೂಲಕ್ಕೆ ಒಂದು ಪ್ಯಾಚ್ ಹಾಕಿಕೊಂಡಿದ್ದವು. ‘ನಾನು ಎದ್ದಿದ್ದೇನೆ, ಸಿದ್ಧವಾಗಿದ್ದೇನೆ’ ಎಂದು ಸಿಸ್ಟಂಡಿಗೆ ತಿಳಿಸುವ ಸಣ್ಣ ಕೆಲಸಕ್ಕೆ ಅದರ ಇಡೀ ಲೈಬ್ರರಿಯನ್ನು ಒಳಗೆ ಕರೆದಿದ್ದವು. ಅದರ ಕೈ ಹಿಡಿದುಕೊಂಡು ಎಕ್ಸ್‌ಝಡ್ ಒಳಗೆ ಬಂದಿತ್ತು. ಒಬ್ಬರನ್ನು ಊಟಕ್ಕೆ ಕರೆದರೆ ಜೊತೆಗೆ ಬಂದವರನ್ನು ಹೊರಗೆ ನಿಲ್ಲಿಸಲಾಗುತ್ತದೆಯೇ? 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದದ್ದನ್ನು ಬಯಲು ಮಾಡದಿದ್ದರೆ ಅದು ಎಲ್ಲಿಯವರೆಗೆ ಹರಡುತ್ತಿತ್ತೋ. ಓಪನ್‌ಎಸ್‌ಎಸ್‌ಎಚ್‌ನವರು ಆ ವರ್ಷ ಜುಲೈನಲ್ಲಿ ಬಂದ 9.8ರಲ್ಲಿ, ಸಿಸ್ಟಂಡಿಗೆ ಸುದ್ದಿ ಮುಟ್ಟಿಸುವುದನ್ನು ಆ ಲೈಬ್ರರಿಯ ಹಂಗಿಲ್ಲದೆ ತಾವೇ ಬರೆದು ಸೇರಿಸಿದರು.

ಈ ಪ್ರಕರಣದಲ್ಲಿ ನಮ್ಮನ್ನು ಕಾಡಿದ್ದು ಇನ್ನೂ ಒಂದಿದೆ. ಹಿಂಬಾಗಿಲನ್ನು ಕಟ್ಟಡದೊಳಗೆ ಎಳೆದು ತರುತ್ತಿದ್ದ ತುಣುಕು ಎಲ್ಲರೂ ನೋಡಬಹುದಾದ ಕೋಡ್ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ನಾವು ಚೀಟಿಯಲ್ಲಿ ಬರೆಯುವ ಹ್ಯಾಶ್ ಹೇಳುವುದು ‘ಅವತ್ತು ನೀವು ಇಳಿಸಿಕೊಂಡ ಕಟ್ಟೇ ಇದು’ ಎಂದಷ್ಟೇ. ಹೆಬ್ಬೆಟ್ಟು ಯಾರದೆಂದು ಹೇಳುತ್ತದೆ, ಪತ್ರದಲ್ಲಿ ಏನು ಬರೆದಿದೆ ಎಂದು ಹೇಳುವುದಿಲ್ಲ.

ಅಪರಿಚಿತರಿಗೆ ಏನು ಉತ್ತರ ಕೊಡುವುದು ಎಂದು ನಾವು ಮೂರು ರಾತ್ರಿ ಜಗಳವಾಡಿದೆವು. ಇಷ್ಟು ಚಿಕ್ಕ ಪ್ಯಾಕೇಜಿಗೆ ಯಾವ ಗೂಢಚಾರ ಬರುತ್ತಾನೆ ಎಂದು ಒಬ್ಬರ ವಾದ. ಇದು ಮನೆಯೊಳಗಿನ ಪ್ರತಿ ಮೊಬೈಲೂ ಕಾಣುವ ಜಾಗದಲ್ಲಿ ಕೂತಿದೆ, ರೌಟರ್‌ನಲ್ಲಿ ಚಿಕ್ಕದು ಎನ್ನುವುದು ಯಾವುದೂ ಇಲ್ಲ ಎಂದು ಇನ್ನೊಬ್ಬರದು. ಸಹಾಯಕ್ಕೆ ಬಂದವರನ್ನೆಲ್ಲ ಕಳ್ಳರೆಂದು ನೋಡಿದರೆ ಈ ಲೋಕ ನಡೆಯುವುದಾದರೂ ಹೇಗೆ? ನಾವೂ ಎರಡು ವರ್ಷದ ಹಿಂದೆ ಹೀಗೇ ಎಲ್ಲಿಂದಲೋ ಬಂದ ಅಪರಿಚಿತರೇ. ನಮ್ಮ ಕುಲಗೋತ್ರ ಯಾರೂ ವಿಚಾರಿಸಿರಲಿಲ್ಲ.

ಕೊನೆಗೆ ಡೆಸ್ಕಿನ ಬುದ್ಧಿಯನ್ನೇ ಉಪಯೋಗಿಸಿದೆವು. ಸುದ್ದಿ ತಂದವನು ಯಾರೆಂದು ಪೂರ್ತಿ ಗೊತ್ತಾಗದಿದ್ದರೆ, ಸುದ್ದಿಯನ್ನು ನಾವೇ ಹೋಗಿ ನೋಡಬಹುದು. ಅವರ ಪ್ಯಾಚ್ ಹನ್ನೊಂದು ಸಾಲು. ಒಂದೊಂದು ಸಾಲನ್ನೂ ನಮಗೆ ಅರ್ಥವಾಗುವವರೆಗೆ ಓದಿದೆವು. ಹಳೆಯ 32 ಬಿಟ್ ರೌಟರೊಂದನ್ನು ಮೇಜಿನ ಮೇಲಿಟ್ಟು, ಅದರ ಮೂಲಕ 5 ಜಿಬಿ ಹರಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿದೆವು. ಲೆಕ್ಕ 5 ಎಂದೇ ತೋರಿಸಿತು. ಈಗ ಪ್ರತಿ ಆವೃತ್ತಿಗೂ ಹೀಗೆ ಮಾಡುತ್ತೇವೆ, ಅರ್ಧ ದಿನ ಹಿಡಿಯುತ್ತದೆ. ಆಮೇಲೆ ಅವರಿಗೆ ಬರೆದೆವು: ಪ್ಯಾಚನ್ನು ನಮ್ಮ ಫೋಲ್ಡರಿನಲ್ಲಿ ಬಚ್ಚಿಡುವುದಿಲ್ಲ, ನಿಮ್ಮ ಹೆಸರಿನಲ್ಲೇ ಮೂಲ ಲೇಖಕನಿಗೆ ಕಳಿಸಿ, ಅವನೂ ನೋಡಲಿ. ಅವರು ಅದೇ ದಿನ ಕಳಿಸಿದರು. ಉಸ್ತುವಾರಿಯ ಮಾತನ್ನು ಇನ್ನೊಂದು ವರ್ಷ ಬಿಟ್ಟು ಆಡೋಣ ಎಂದೆವು. ಬೇಸರ ಮಾಡಿಕೊಂಡರೋ ಏನೋ, ‘ಆಗಲಿ’ ಎಂದಷ್ಟೇ ಉತ್ತರ ಬಂತು.

ಮೂಲ ಲೇಖಕ ಮೂರೇ ದಿನದಲ್ಲಿ ಅದನ್ನು ಒಪ್ಪಿಕೊಂಡ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಮ್ಮನ್ನು ಕೇಳಿದ. ಕೇಳಬೇಕಾದದ್ದೇ. ನಾಲೆಯ ಮೇಲ್ಗಡೆ ಒಡ್ಡು ಸರಿಮಾಡಿದರೆ ಕೆಳಗಿನ ಎಲ್ಲ ಗದ್ದೆಗೂ ನೀರು ಬರುತ್ತದೆ. ನಾವು ನಮ್ಮ ಗದ್ದೆಯ ಬದುವಿಗೆ ಮಣ್ಣು ಮೆತ್ತಿಕೊಂಡು ಕೂತಿದ್ದೆವು, ಅದೂ ವಕ್ರವಾಗಿ. ಆಮೇಲೆ ನಮ್ಮ ಉಳಿದ ಪ್ಯಾಚ್‌ಗಳನ್ನೂ ಒಂದೊಂದಾಗಿ ಅವನಿಗೆ ಕಳಿಸುತ್ತ ಬಂದೆವು. ಎರಡನ್ನು ಒಪ್ಪಿಕೊಂಡ, ಒಂದನ್ನು ಬೇರೆ ರೀತಿ ಬರೆದುಕೊಂಡ, ಇನ್ನೊಂದು ಅಗತ್ಯವೇ ಇಲ್ಲ ಎಂದು ತೋರಿಸಿಕೊಟ್ಟ. ಹಿಂದೆ ಆರು ಇದ್ದ ಫೋಲ್ಡರಿನಲ್ಲಿ ಈಗ ಉಳಿದಿರುವುದು ಒಂದು. ಅದು ಓಪನ್‌ವರ್ಟ್‌ಗೆ ಮಾತ್ರ ಬೇಕಾದದ್ದು.

ಆ ಹುಡುಗಿ ಟಿಇಟಿ ಪಾಸು ಮಾಡಿ ವಾಚನಾಲಯ ಬಿಟ್ಟಿದ್ದಾಳೆ. ಅವಳ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಮೇಷ್ಟ್ರು ಈಗಲೂ ತಿಂಗಳ ಕೊನೆಗೆ ಪಟ್ಟಿ ಮುದ್ರಿಸಿ, ಗೋಡೆಗೆ ಅಂಟಿಸುವ ಮುಂಚೆ ಪೆನ್ನು ಹಿಡಿದು ಕೂಡುತ್ತಾರೆ. ಹೋದ ತಿಂಗಳು ಬಿಲ್ಲಿಗೂ ಪಟ್ಟಿಗೂ 2 ಜಿಬಿ ವ್ಯತ್ಯಾಸ ಬಂತಂತೆ. ಹುಡುಕುತ್ತಿದ್ದೇವೆ.